ಕಿಶೋರಪೋಷಣೆ: ಅರ್ಥಶಾಸ್ತ್ರದ ಒಂದು ವಿಧಿಯೂ ದಕ್ಷಿಣ ದೇಶದ ಕುದುರೆಯ ಕೊರತೆಯೂ

೧

ದಕ್ಷಿಣ ಭಾರತದ ಮಧ್ಯಯುಗದ ಇತಿಹಾಸವನ್ನು ಓದುವವರಿಗೆ ಕುದುರೆಯ ವ್ಯಾಪಾರವು ಚಿರಪರಿಚಿತವಾದ ವಿಷಯ. ಪಾಂಡ್ಯರು, ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಇವರೆಲ್ಲರ ಸೈನ್ಯಗಳೂ ಅರೇಬಿಯದಿಂದಲೂ ಪಾರಸಿಕ ಕೊಲ್ಲಿಯ ರೇವುಗಳಿಂದಲೂ ಹಡಗಿನಲ್ಲಿ ಬಂದಿಳಿಯುತ್ತಿದ್ದ ಕುದುರೆಗಳನ್ನು ಬಹುಮಟ್ಟಿಗೆ ನೆಚ್ಚಿಕೊಂಡಿದ್ದುವು. ರಾಜ್ಯದ ಬೊಕ್ಕಸದಿಂದ ಹೇರಳವಾದ ಚಿನ್ನ ಈ ಬಾಬಿಗಾಗಿ ಹೊರದೇಶಕ್ಕೆ ಹರಿದುಹೋಗುತ್ತಿದ್ದಿತು. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕುದುರೆಯ ವ್ಯಾಪಾರವನ್ನೆಲ್ಲ ಆ ಒಂದು ರೇವಿಗೆ ತಿರುಗಿಸಲು ಹವಣಿಸಿದುದು ಈ ಚಿನ್ನದ ಆಸೆಯಿಂದಲೇ. ಯಾವ ರಾಜನಿಗೆ ಕುದುರೆ ದೊರೆಯಬೇಕು, ಯಾವನಿಗೆ ದೊರೆಯಬಾರದು ಎಂಬುದನ್ನು ನಿರ್ಣಯಿಸುವ ಶಕ್ತಿಯು ಸಮುದ್ರದಲ್ಲಿದ್ದವನ ಕೈಗೆ ಹೋದುದು ದಕ್ಷಿಣದ ರಾಜಕೀಯಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ.

ಈ ಪರಾವಲಂಬನೆಗೆ ನಮ್ಮ ಪಠ್ಯಗ್ರಂಥಗಳು ಸಾಮಾನ್ಯವಾಗಿ ಕೊಡುವ ಕಾರಣ ಹವಾಮಾನ. ದಕ್ಷಿಣದ ಸೆಕೆ ಮತ್ತು ತೇವ ಕುದುರೆಗೆ ಒಗ್ಗದು, ಆದುದರಿಂದ ಇಲ್ಲಿ ಒಳ್ಳೆಯ ಕುದುರೆ ಹುಟ್ಟದು ಎಂಬುದೇ ಆ ವಿವರಣೆಯ ಸಾರ. ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಹವೆಯನ್ನು ಕಾರಣವೆಂದು ಒಪ್ಪಿದೊಡನೆ ವಿಚಾರ ಅಲ್ಲಿಗೇ ನಿಂತುಬಿಡುತ್ತದೆ. ಹವೆಯ ವಿಷಯದಲ್ಲಿ ರಾಜನಾಗಲಿ ರೈತನಾಗಲಿ ಮಾಡಬಹುದಾದುದು ಏನೂ ಇಲ್ಲ. ಮಾಡಬಹುದಾಗಿದ್ದುದನ್ನು ಮಾಡಿದರೇ ಬಿಟ್ಟರೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪ್ರಕೃತ ಲೇಖನದಲ್ಲಿ ಈ ಸಮಸ್ಯೆಯನ್ನು ಬೇರೊಂದು ಕಡೆಯಿಂದ ನೋಡಲು ಯತ್ನಿಸಲಾಗಿದೆ. ಹುಟ್ಟಿದ ಕುದುರೆಮರಿಗೆ ದುಡಿಮೆಯ ವಯಸ್ಸು ಬರುವವರೆಗೆ ಏನನ್ನು, ಎಷ್ಟನ್ನು, ಯಾರು ತಿನ್ನಿಸುತ್ತಿದ್ದರು? ಈ ಪ್ರಶ್ನೆಗೆ ನಮ್ಮಲ್ಲಿ ಒಂದು ಪ್ರಾಚೀನ ಉತ್ತರವಿದೆ. ಅದನ್ನು ಎದುರಿಗಿಟ್ಟುಕೊಂಡು ವಿದೇಶೀಯರ ಬರಹಗಳನ್ನು ಓದಿದರೆ ಕುದುರೆಯ ಕೊರತೆಗೆ ಹವೆಯ ಜೊತೆಗೆ ಮೇವಿನ ಗೋದಲಿಯೂ ಕಾರಣವಾಗಿದ್ದಿತೆಂಬುದು ವ್ಯಕ್ತವಾಗುತ್ತದೆ.

೨

ಆ ಉತ್ತರವಿರುವುದು ಕೌಟಿಲೀಯ ಅರ್ಥಶಾಸ್ತ್ರದಲ್ಲಿ. ಈ ಗ್ರಂಥದ ಹಸ್ತಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದು, ಅಲ್ಲಿನ ಪಂಡಿತರಾಗಿದ್ದ ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಮುದ್ರಿತವಾಗಿ, ೧೯೧೫ರಲ್ಲಿ ಅವರಿಂದಲೇ ಇಂಗ್ಲಿಷಿಗೆ ಅನುವಾದಗೊಂಡ ಸಂಗತಿ ಕನ್ನಡಿಗರಿಗೆ ಹೆಮ್ಮೆಯ ವಿಷಯ. ಗ್ರಂಥದ ಕಾಲದ ಬಗೆಗೆ ದೀರ್ಘವಾದ ಚರ್ಚೆ ನಡೆದಿದೆ. ಮೌರ್ಯರ ಕಾಲದ್ದೆಂದು ಮೊದಲಿನ ವಿದ್ವಾಂಸರು ಹೇಳಿದರು. ಈಗಿನ ರೂಪಕ್ಕೆ ಬಂದುದು ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ ಎಂಬ ಅಭಿಪ್ರಾಯಕ್ಕೆ ಇಂದು ಹೆಚ್ಚಿನ ಮನ್ನಣೆಯಿದೆ. ನಮ್ಮ ವಿಚಾರಕ್ಕೆ ಎರಡರಲ್ಲಿ ಯಾವುದಾದರೂ ಬಾಧಕವಿಲ್ಲ.

ಗ್ರಂಥದ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರದ ೩೦ನೆಯ ಅಧ್ಯಾಯ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುತ್ತದೆ. ಅವನ ಮೊದಲನೆಯ ಕೆಲಸ ಕುದುರೆಗಳ ಲೆಕ್ಕವನ್ನು ಬರೆಯಿಸುವುದು. ಕುದುರೆಗಳು ಯಾವ ದಾರಿಯಿಂದ ಬಂದುವೆಂಬುದನ್ನು ಏಳು ಬಗೆಯಾಗಿ ವಿಂಗಡಿಸಬೇಕು. ಕ್ರಯಕ್ಕೆ ಬಂದುವು, ಯುದ್ಧದಲ್ಲಿ ಗೆದ್ದುವು ಮುಂತಾದುವುಗಳ ಜೊತೆಯಲ್ಲಿ ಲಾಯದಲ್ಲಿಯೇ ಹುಟ್ಟಿದುವು ಎಂಬುದೂ ಒಂದು ಪ್ರತ್ಯೇಕ ವರ್ಗ. ರಾಜ್ಯವು ಕುದುರೆಯನ್ನು ಕೊಳ್ಳುತ್ತಿದ್ದುದಲ್ಲದೆ ಹುಟ್ಟಿಸಿ ಬೆಳೆಸುತ್ತಲೂ ಇದ್ದಿತೆಂಬುದಕ್ಕೆ ಇದು ಸಾಕ್ಷಿ. ಕುದುರೆಯನ್ನು ನೋಡಿಕೊಳ್ಳುವವನು ಕೋಶದಿಂದಲೂ ಕೋಷ್ಠಾಗಾರದಿಂದಲೂ ತಿಂಗಳಿಗಾಗುವಷ್ಟು ಸಾಮಗ್ರಿಯನ್ನು ಪಡೆದು ಪೋಷಿಸಬೇಕು. ಹೆಣ್ಣುಕುದುರೆ, ಬೀಜದ ಕುದುರೆ ಮತ್ತು ಮರಿಗಳನ್ನು ಬೇರೆ ಬೇರೆ ಕಟ್ಟಬೇಕು.

ಇದಾದ ಮೇಲೆ ಮರಿಯ ಆಹಾರದ ವಿಧಿ ಬರುತ್ತದೆ. ಗಮನಿಸಬೇಕಾದುದೆಂದರೆ, ವಿಧಿಯು ಆರಂಭವಾಗುವುದು ಮರಿಯಿಂದಲ್ಲ, ತಾಯಿಯಿಂದ. ಮರಿಹಾಕಿದ ಕುದುರೆಗೆ ಮೂರು ರಾತ್ರಿ ಒಂದೊಂದು ಪ್ರಸ್ಥ ತುಪ್ಪವನ್ನು ಕುಡಿಸಬೇಕು. ಅಲ್ಲಿಂದ ಮುಂದೆ ಹತ್ತು ರಾತ್ರಿ ಒಂದು ಪ್ರಸ್ಥ ಸತ್ತುವನ್ನೂ ಸ್ನೇಹದ್ರವ್ಯ ಮತ್ತು ಔಷಧಿ ಬೆರೆಸಿದ ಪಾನವನ್ನೂ ಕೊಡಬೇಕು. ಸತ್ತು ಎಂದರೆ ಜವೆಗೋಧಿಯಂತಹ ಧಾನ್ಯವನ್ನು ಹುರಿದು ಬೀಸಿದ ಹಿಟ್ಟು. ನಮ್ಮ ಹುರಿಹಿಟ್ಟಿನ ಜಾತಿಯದು. ಆಮೇಲೆ ಅರೆಬೆಂದ ಧಾನ್ಯ, ಹುಲ್ಲು ಮತ್ತು ಆಯಾ ಋತುವಿಗೆ ತಕ್ಕ ಆಹಾರ.

ಮರಿಗೆ ಮೊದಲ ಹತ್ತು ದಿನಗಳವರೆಗೆ ಯಾವ ಆಹಾರವನ್ನೂ ವಿಧಿಸಿಲ್ಲ; ತಾಯಿಯ ಹಾಲೇ ಆಹಾರವೆಂಬುದು ಸ್ಪಷ್ಟ. ಹತ್ತು ರಾತ್ರಿಗಳು ಕಳೆದ ಮೇಲೆ ಕಾಲುಭಾಗ ತುಪ್ಪವನ್ನು ಕೂಡಿಸಿದ ಒಂದು ಕುಡುಬ ಸತ್ತು ಮತ್ತು ಒಂದು ಪ್ರಸ್ಥ ಹಾಲು, ಆರು ತಿಂಗಳು ತುಂಬುವವರೆಗೆ. ಅಲ್ಲಿಂದ ಮುಂದೆ ಒಂದು ಪ್ರಸ್ಥ ಜವೆ. ಅದು ತಿಂಗಳು ತಿಂಗಳಿಗೆ 'ಅರ್ಧವೃದ್ಧಿ'ಯಾಗುತ್ತ ಮೂರು ವರ್ಷದವರೆಗೆ ನಡೆಯಬೇಕು. ಅನಂತರ ನಾಲ್ಕು ವರ್ಷ ತುಂಬುವವರೆಗೆ ಒಂದು ದ್ರೋಣ. ನಾಲ್ಕು ಅಥವಾ ಐದು ವರ್ಷದ ಕುದುರೆ ಪೂರ್ಣಪ್ರಮಾಣವನ್ನು ಹೊಂದಿ ಕೆಲಸಕ್ಕೆ ಅರ್ಹವಾಗುತ್ತದೆ.

೩

'ಅರ್ಧವೃದ್ಧಿ' ಎಂಬ ಪದದ ಅರ್ಥವನ್ನು ಇಲ್ಲಿ ನಿಷ್ಕರ್ಷಿಸಬೇಕಾಗಿದೆ. ಪ್ರತಿ ತಿಂಗಳೂ ಹಿಂದಿನ ತಿಂಗಳ ಆಹಾರದ ಅರ್ಧದಷ್ಟನ್ನು ಹೆಚ್ಚಿಸಬೇಕು ಎಂದು ಅರ್ಥಮಾಡುವುದು ಒಂದು ಬಗೆ. ಪ್ರತಿ ತಿಂಗಳೂ ಅರ್ಧ ಪ್ರಸ್ಥವನ್ನು ಹೆಚ್ಚಿಸಬೇಕು ಎಂಬುದು ಇನ್ನೊಂದು ಬಗೆ. ಯಾವುದು ಸರಿ ಎಂಬುದನ್ನು ಲೆಕ್ಕವೇ ತೀರ್ಮಾನಿಸುತ್ತದೆ. ಅರ್ಥಶಾಸ್ತ್ರದ ಮಾನಗಳು ಹೀಗಿವೆ: ೪ ಕುಡುಬಕ್ಕೆ ೧ ಪ್ರಸ್ಥ, ೪ ಪ್ರಸ್ಥಕ್ಕೆ ೧ ಆಢಕ, ೪ ಆಢಕಕ್ಕೆ ೧ ದ್ರೋಣ. ಎಂದರೆ ದ್ರೋಣವೊಂದಕ್ಕೆ ೧೬ ಪ್ರಸ್ಥ.

ಮೊದಲನೆಯ ಅರ್ಥವನ್ನು ಹಿಡಿದರೆ, ಏಳನೆಯ ತಿಂಗಳಲ್ಲಿ ೧ ಪ್ರಸ್ಥವಿದ್ದ ಜವೆ ಎಂಟನೆಯದರಲ್ಲಿ ಒಂದೂವರೆ, ಒಂಬತ್ತನೆಯದರಲ್ಲಿ ಎರಡೂಕಾಲು ಹೀಗೆ ಏರುತ್ತ ಹದಿನೇಳನೆಯ ತಿಂಗಳಿಗೆ ೫೭ ಪ್ರಸ್ಥವನ್ನು ದಾಟುತ್ತದೆ. ಇದು ಮೂರೂವರೆ ದ್ರೋಣಕ್ಕಿಂತ ಹೆಚ್ಚು. ಬೆಳೆದ ಉತ್ತಮ ಕುದುರೆಗೆ ಅದೇ ಅಧ್ಯಾಯ ವಿಧಿಸಿರುವ ಧಾನ್ಯವಾದರೋ ಎರಡೇ ದ್ರೋಣ. ಒಂದೂವರೆ ವರ್ಷವೂ ತುಂಬದ ಮರಿಯು ಪಟ್ಟದ ಕುದುರೆಗಿಂತ ಹೆಚ್ಚು ತಿನ್ನುವುದು ಅಸಂಭವ.

ಎರಡನೆಯ ಅರ್ಥದಂತೆ ಏಳನೆಯ ತಿಂಗಳಲ್ಲಿ ೧ ಪ್ರಸ್ಥದಿಂದ ಆರಂಭಿಸಿ ತಿಂಗಳಿಗೆ ಅರ್ಧ ಪ್ರಸ್ಥದಂತೆ ಕೂಡಿಸುತ್ತ ಹೋದರೆ, ಮೂವತ್ತಾರನೆಯ ತಿಂಗಳಲ್ಲಿ ೧೫½ ಪ್ರಸ್ಥವಾಗುತ್ತದೆ. ಮೂವತ್ತೇಳನೆಯ ತಿಂಗಳಲ್ಲಿ, ಎಂದರೆ ನಾಲ್ಕನೆಯ ವರ್ಷದ ಮೊದಲ ದಿನ, ಸರಿಯಾಗಿ ೧೬ ಪ್ರಸ್ಥ. ಅದೇ ಒಂದು ದ್ರೋಣ. ನಾಲ್ಕನೆಯ ವರ್ಷಕ್ಕೆ ಗ್ರಂಥವು ಹೇಳುವ ಪ್ರಮಾಣವೂ ಅದೇ. ಮೆಟ್ಟಿಲುಗಳು ಒಂದಕ್ಕೊಂದು ಕೂಡಿಕೊಳ್ಳುವ ಈ ಪರಿಯನ್ನು ನೋಡಿದರೆ, ವಿಧಿಯನ್ನು ರಚಿಸಿದವರು ಲಾಯದ ಲೆಕ್ಕವನ್ನು ಚೆನ್ನಾಗಿ ಬಲ್ಲವರೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಪಡುತ್ತದೆ. ತಿಂಗಳಿಗೆ ೩೦ ದಿನಗಳಂತೆ ಎಣಿಸಿದರೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಮರಿಯೊಂದಕ್ಕೆ ಬೇಕಾಗುವ ಜವೆ ೭,೪೨೫ ಪ್ರಸ್ಥ, ಎಂದರೆ ಸುಮಾರು ೪೬೪ ದ್ರೋಣ. ನಾಲ್ಕನೆಯ ವರ್ಷಕ್ಕೆ ೩೬೦ ದ್ರೋಣ. ಒಟ್ಟು ೮೨೪ ದ್ರೋಣ. ಬೆಳೆದ ಉತ್ತಮ ಕುದುರೆಯೊಂದು ಒಂದೇ ವರ್ಷದಲ್ಲಿ ೭೨೦ ದ್ರೋಣ ಧಾನ್ಯವನ್ನು ತಿನ್ನುತ್ತದೆ. ಆದುದರಿಂದ ಮರಿಯನ್ನು ನಾಲ್ಕು ವರ್ಷ ಸಾಕುವುದಕ್ಕೆ ತಗಲುವ ಧಾನ್ಯವು ಬೆಳೆದ ಕುದುರೆಯ ಹದಿನಾಲ್ಕು ತಿಂಗಳ ಧಾನ್ಯಕ್ಕಿಂತ ಹೆಚ್ಚೇನೂ ಅಲ್ಲ. ಮರಿ ಬೆಳೆಸುವುದು ಕಷ್ಟವಾಗಿದ್ದುದು ಧಾನ್ಯದ ರಾಶಿ ದೊಡ್ಡದೆಂಬ ಕಾರಣದಿಂದಲ್ಲ. ದುಡಿಯದ ಪ್ರಾಣಿಗೆ ತಕ್ಕ ಆಹಾರವನ್ನು ನಾಲ್ಕು ವರ್ಷ ತಪ್ಪದೆ ಒದಗಿಸುವ ವ್ಯವಸ್ಥೆ ಬೇಕಾಗಿದ್ದಿತೆಂಬ ಕಾರಣದಿಂದ.

೪

ಈ ವಿಧಿಯು ಇಂದಿನ ಪಶುವೈದ್ಯಶಾಸ್ತ್ರದ ದೃಷ್ಟಿಯಿಂದ ಎಷ್ಟು ಮಟ್ಟಿಗೆ ಸಾಧು ಎಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಕುದುರೆಯ ಗರ್ಭಾವಧಿ ಸುಮಾರು ಹನ್ನೊಂದು ತಿಂಗಳು. ಹುಟ್ಟಿದ ಮರಿಯ ತೂಕ ಬೆಳೆದ ಕುದುರೆಯ ತೂಕದ ಹತ್ತರಲ್ಲೊಂದು ಪಾಲು. ಒಂದು ವರ್ಷ ತುಂಬುವಷ್ಟರಲ್ಲಿ ಅದು ಎತ್ತರದ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನೂ ತೂಕದ ಮೂರರಲ್ಲಿ ಎರಡು ಪಾಲನ್ನೂ ಪಡೆದಿರುತ್ತದೆ. ಮೊದಲ ವರ್ಷದಲ್ಲಿ ಮೂಳೆಗೆ ಬೇಕಾದುದು ಸಿಕ್ಕದಿದ್ದರೆ ಆಮೇಲೆ ಎಷ್ಟು ತಿನ್ನಿಸಿದರೂ ಕಾಲಿನ ಸೊಟ್ಟು ಪೂರ್ತಿಯಾಗಿ ನೆಟ್ಟಗಾಗದು.

ಮೊದಲ ದಿನದ ಗಿಣ್ಣುಹಾಲು ಮರಿಗೆ ಅತ್ಯಗತ್ಯ. ರೋಗವನ್ನು ತಡೆಯುವ ಶಕ್ತಿಯು ಕುದುರೆಮರಿಗೆ ಗರ್ಭದಲ್ಲಿ ದೊರೆಯುವುದಿಲ್ಲ. ಗಿಣ್ಣಿನಿಂದಲೇ ದೊರೆಯಬೇಕು, ಅದೂ ಹುಟ್ಟಿದ ಒಂದು ದಿನದೊಳಗಾಗಿ. ತಾಯಿಯ ಹಾಲು ಎರಡನೆಯ ತಿಂಗಳ ಸುಮಾರಿಗೆ ತುಂಬಿಬಂದು ಮೂರನೆಯ ತಿಂಗಳಿಂದ ಇಳಿಯತೊಡಗುತ್ತದೆ. ಮರಿಯ ಬೇಡಿಕೆ ಏರುತ್ತಿರುವಾಗಲೇ ಹಾಲು ಇಳಿಯುವುದರಿಂದ ನಡುವಣ ಕೊರೆಯನ್ನು ಬೇರೆ ಆಹಾರದಿಂದ ತುಂಬಬೇಕು. ಅರ್ಥಶಾಸ್ತ್ರವು ಹನ್ನೊಂದನೆಯ ದಿನದಿಂದಲೇ ಕುಡುಬದಷ್ಟು ಹಿಟ್ಟಿನ ರುಚಿ ತೋರಿಸಿ, ಆರು ತಿಂಗಳು ಹೊರಗಿನ ಹಾಲನ್ನು ಕೊಡಿಸುವುದರಲ್ಲಿ ಈ ತಿಳಿವಳಿಕೆ ಕಾಣುತ್ತದೆ. ಇಂದಿಗೂ ಹಾಲು ಬಿಡಿಸುವುದು ನಾಲ್ಕರಿಂದ ಆರನೆಯ ತಿಂಗಳಲ್ಲಿ.

ಧಾನ್ಯವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸುವುದೂ ಅಷ್ಟೇ ಮುಖ್ಯ. ಕೊರತೆಯಿಂದ ಮರಿ ಕುಗ್ಗುವಂತೆ, ಅತಿಯಾದ ಧಾನ್ಯದಿಂದ ಕೀಲು ಮತ್ತು ಎಳೆಮೂಳೆ ಕೆಡುತ್ತವೆ. ಸುಣ್ಣದ ಅಂಶ ಮತ್ತು ರಂಜಕದ ಅಂಶ ಇವೆರಡರ ಸಮತೋಲವೂ ತಪ್ಪಬಾರದು. ರಂಜಕವು ಸುಣ್ಣವನ್ನು ಮೀರಿದರೆ ದೇಹವು ಮೂಳೆಯಿಂದಲೇ ಸುಣ್ಣವನ್ನು ಕಿತ್ತುಕೊಳ್ಳುತ್ತದೆ. ತೌಡಿನಲ್ಲಿ ರಂಜಕ ಬಹಳ, ಸುಣ್ಣ ಅತ್ಯಲ್ಪ. ಬೇಯಿಸಿದ ಅಕ್ಕಿಯಲ್ಲಿ ಸುಣ್ಣವೂ ಕಡಮೆ, ಮಾಂಸಖಂಡಗಳನ್ನು ಬೆಳೆಸುವ ಸಸಾರಜನಕವೂ ಜವೆಗಿಂತ ಕಡಮೆ. ಜವೆಯಲ್ಲಿಯೂ ಸುಣ್ಣ ಹೆಚ್ಚಿಲ್ಲವೆಂಬುದನ್ನು ಮರೆಯಬಾರದು. ಆ ಕೊರತೆಯನ್ನು ತುಂಬುವುವು ಹಾಲು ಮತ್ತು ಹುಲ್ಲು. ಈ ಮೂರೂ ಕೂಡಿದಾಗಲೇ ವಿಧಿ ಪೂರ್ಣವಾಗುತ್ತದೆ.

೫

ಈಗ ದಕ್ಷಿಣಕ್ಕೆ ಬರೋಣ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡಾದ ಮಅಬರನ್ನು ಕಂಡ ಮಾರ್ಕೊ ಪೋಲೊ, ಅಲ್ಲಿನ ರಾಜನು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಕೊಳ್ಳುವನೆಂದೂ ವರ್ಷದ ಕೊನೆಗೆ ಅವುಗಳಲ್ಲಿ ನೂರು ಸಹ ಉಳಿಯುವುದಿಲ್ಲವೆಂದೂ ಬರೆದಿದ್ದಾನೆ. ಅಲ್ಲಿನವರು ಕುದುರೆಗೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ತಿನ್ನಿಸುತ್ತಾರೆಂಬುದು ಅವನಿಗೆ ಸೋಜಿಗ. ಒಳ್ಳೆಯ ಹೆಣ್ಣುಕುದುರೆಗೆ ಒಳ್ಳೆಯ ಗಂಡುಕುದುರೆಯನ್ನು ಕೂಡಿಸಿದರೂ ಹುಟ್ಟುವ ಮರಿ ಕಾಲು ಸೊಟ್ಟಗಿದ್ದು ಸವಾರಿಗೆ ಬಾರದೆಂದೂ ಅವನು ಹೇಳುತ್ತಾನೆ. ಹದಿನಾಲ್ಕನೆಯ ಶತಮಾನದ ಆದಿಯ ಪಾರಸಿಕ ಇತಿಹಾಸಕಾರ ವಸ್ಸಾಫನು, ವರ್ಷಕ್ಕೆ ಹತ್ತು ಸಾವಿರ ಕುದುರೆಗಳು ಈ ಕರಾವಳಿಗೆ ಬರುತ್ತಿದ್ದುವೆಂದೂ ಒಂದೊಂದಕ್ಕೆ ೨೨೦ ದೀನಾರುಗಳೆಂದೂ ತಿಳಿಸಿ, ಇಲ್ಲಿನವರು ಹಸಿಯ ಜವೆಗೆ ಬದಲಾಗಿ ಹುರಿದ ಜವೆಯನ್ನೂ ಬೆಣ್ಣೆ ಬೆರೆಸಿದ ಧಾನ್ಯವನ್ನೂ ಕಾಯಿಸಿದ ಹಸುವಿನ ಹಾಲನ್ನೂ ಕೊಡುತ್ತಾರೆಂದು ಆಶ್ಚರ್ಯಪಡುತ್ತಾನೆ.

ಈ ಎರಡು ಹೇಳಿಕೆಗಳನ್ನು ದಕ್ಷಿಣದವರ ಅಜ್ಞಾನಕ್ಕೆ ನಿದರ್ಶನವೆಂದು ಉದಾಹರಿಸುವ ವಾಡಿಕೆಯಿದೆ. ಆದರೆ ಅರ್ಥಶಾಸ್ತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಚಿತ್ರ ಬೇರೆಯಾಗುತ್ತದೆ. ಬೆಳೆದ ಉತ್ತಮ ಕುದುರೆಗೆ ಆ ಗ್ರಂಥ ಹೇಳುವ ಎರಡು ದ್ರೋಣ ಧಾನ್ಯವು ಶಾಲಿ, ವ್ರೀಹಿ, ಜವೆ, ನವಣೆ ಇವುಗಳಲ್ಲಿ ಯಾವುದಾದರೂ ಆಗಬಹುದು. ಅರೆ ಒಣಗಿದುದೋ ಅರೆ ಬೆಂದುದೋ ಆಗಿರಬೇಕು. ಹೆಸರು ಅಥವಾ ಉದ್ದನ್ನು ಅರೆಬೇಯಿಸಿಯೂ ಕೊಡಬಹುದು. ಅದರೊಡನೆ ಒಂದು ಪ್ರಸ್ಥ ಸ್ನೇಹದ್ರವ್ಯ, ೫ ಪಲ ಉಪ್ಪು, ೫೦ ಪಲ ಮಾಂಸ, ತೋಯಿಸಲು ರಸ ಅಥವಾ ಮೊಸರು, ಕುಡಿಯಲು ಸುರೆ ಅಥವಾ ಹಾಲು. ಶಾಲಿ, ವ್ರೀಹಿಗಳೆರಡೂ ಭತ್ತದ ಜಾತಿಗಳು. ಪೋಲೊ ಕಂಡ ಅನ್ನ ಮತ್ತು ಮಾಂಸ, ವಸ್ಸಾಫ ಕೇಳಿದ ಹುರಿದ ಜವೆ, ಬೆಣ್ಣೆ, ಹಾಲು, ಇವೆಲ್ಲವೂ ಈ ಪಟ್ಟಿಗಳಲ್ಲಿವೆ. ವಿದೇಶೀಯರಿಗೆ ಮೌಢ್ಯವೆಂದು ತೋರಿದುದು ಸಾವಿರ ವರ್ಷಕ್ಕೂ ಹಳೆಯದಾದ ಶಾಸ್ತ್ರಸಂಪ್ರದಾಯದ ಮುಂದುವರಿಕೆ.

ಹಾಗಾದರೆ ಮರಿಗಳ ಕಾಲು ಏಕೆ ಸೊಟ್ಟಗಾದುವು? ಇಲ್ಲಿಯೇ ಮರಿಯ ಪಟ್ಟಿಗೂ ಬೆಳೆದ ಕುದುರೆಯ ಪಟ್ಟಿಗೂ ಇರುವ ಭೇದ ಮುಖ್ಯವಾಗುತ್ತದೆ. ಬೆಳೆದ ಕುದುರೆಗೆ ಧಾನ್ಯದಲ್ಲಿ ಆಯ್ಕೆಯಿದೆ, ಅಕ್ಕಿಯೂ ಆಗಬಹುದು. ವಯಸ್ಸಿಗನುಸಾರವಾಗಿ ಮರಿಗೆ ಹೇಳಿದ ಪಟ್ಟಿಯಲ್ಲಿ ಅಕ್ಕಿಯ ಹೆಸರಿಲ್ಲ. ಹಾಲು, ತುಪ್ಪ, ಸತ್ತು, ಜವೆ ಇಷ್ಟೇ. ಅಧ್ಯಾಯದ ಮುಂದಿನ ಭಾಗದಲ್ಲಿ ಹೆಣ್ಣುಕುದುರೆಗೆ ಕಾಲುಭಾಗ ಕಡಮೆಯೆಂದೂ ಮರಿಗಳಿಗೆ ಅದರ ಅರ್ಧವೆಂದೂ ಹೇಳಿದೆಯಾದರೂ ಅದು ಪ್ರಮಾಣವನ್ನು ಕುರಿತ ಸಾಮಾನ್ಯ ನಿಯಮ. ಎರಡು ದ್ರೋಣದಲ್ಲಿ ಕಾಲುಭಾಗ ಕಳೆದು ಅರ್ಧ ಮಾಡಿದರೆ ಬರುವ ಮುಕ್ಕಾಲು ದ್ರೋಣವು ನಮ್ಮ ಏರಿಕೆಯ ಲೆಕ್ಕದಲ್ಲಿ ಮೂರನೆಯ ವರ್ಷದ ನಡುವಿಗೆ ಸರಿಹೊಂದುತ್ತದೆ. ವಿಶೇಷವಾಗಿ ಹೆಸರಿಸಿದ ಧಾನ್ಯವನ್ನು ಸಾಮಾನ್ಯ ನಿಯಮವು ಅಳಿಸುವುದಿಲ್ಲ.

ಜವೆ ತಂಪಾದ ಒಣಹವೆಯ ಬೆಳೆ. ಭತ್ತದ ಗದ್ದೆಗಳ ಕರಾವಳಿಯಲ್ಲಿ ಅದು ಬೆಳೆಯದು. ಅಲ್ಲಿ ಬೆಳೆದ ಕುದುರೆಗೆ ಶಾಸ್ತ್ರವು ಅನುಮತಿಸಿದ ಅಕ್ಕಿ ದೊರೆಯುತ್ತಿದ್ದಿತು. ಮರಿಗೆ ವಿಧಿಸಿದ ಜವೆ ದೊರೆಯುತ್ತಿರಲಿಲ್ಲ. ಮರಿಗೂ ಅಕ್ಕಿಯೇ ಗತಿಯಾದಾಗ, ಹುಲ್ಲಿಗೆ ಬದಲಾಗಿ ಸಾರವಿಲ್ಲದ ಭತ್ತದ ಹುಲ್ಲೇ ಮೇವಾದಾಗ, ಗಬ್ಬದ ತಾಯಿಯೂ ಅದನ್ನೇ ತಿಂದಿದ್ದಾಗ, ಪೋಲೊ ವರ್ಣಿಸಿದ ಸೊಟ್ಟಕಾಲಿನ ಮರಿಗಳಿಗೆ ಆಹಾರದ ಕೊರತೆ ಒಂದು ಮುಖ್ಯ ಕಾರಣವಾಗಿದ್ದಿರಬೇಕೆಂದು ಊಹಿಸಲು ಸಾಕಷ್ಟು ಆಧಾರವಿದೆ. ಶಾಸ್ತ್ರದ ಒಂದು ಅರ್ಧ ದಕ್ಷಿಣದ ಕರಾವಳಿಯವರೆಗೆ ಸಾಗಿಬಂದಿತು; ಇನ್ನೊಂದು ಅರ್ಧ ಹೊಲದ ಬೆಳೆಯಿಲ್ಲದೆ ದಾರಿಯಲ್ಲಿಯೇ ಉಳಿಯಿತು.

೬

ಕರಾವಳಿಗೆ ಹೊಂದುವ ಈ ವಿವರಣೆಯನ್ನು ಒಳನಾಡಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ವಿಜಯನಗರದ ಸುತ್ತಣ ಪ್ರದೇಶ ಒಣಭೂಮಿ. ಕೃಷ್ಣದೇವರಾಯನ ಕಾಲದಲ್ಲಿ ಅಲ್ಲಿಗೆ ಬಂದ ಡೊಮಿಂಗೊ ಪಾಯೆಸನು ನಗರದ ಪೇಟೆಗಳಲ್ಲಿ ಅಕ್ಕಿ, ಗೋಧಿ, ಜೋಳಗಳ ಜೊತೆಗೆ ಹುರುಳಿಯನ್ನೂ ಸ್ವಲ್ಪಮಟ್ಟಿಗೆ ಜವೆಯನ್ನೂ ಕಂಡನು. ಹುರುಳಿ ಕನ್ನಡನಾಡಿನ ಬೆದ್ದಲಿನಲ್ಲಿ ಸುಲಭವಾಗಿ ಬೆಳೆಯುವ ಧಾನ್ಯ. ಬೇಯಿಸಿ ಕುದುರೆಗಿಡುವುದು ಇಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ.

ಈ ಪ್ರದೇಶದಲ್ಲಿ ನಾಡಕುದುರೆಗಳು ಇದ್ದುವೆಂಬುದಕ್ಕೂ ಪ್ರಮಾಣವಿದೆ. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಫರ್ನಾವೊ ನೂನಿಜನು, ರಾಜನು ಪ್ರತಿವರ್ಷ ೧೩,೦೦೦ ಹೊರ್ಮುಜಿನ ಕುದುರೆಗಳನ್ನೂ ನಾಡಕುದುರೆಗಳನ್ನೂ ಕೊಂಡು, ಉತ್ತಮವಾದುವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ಉಳಿದ ನಾಡಕುದುರೆಗಳನ್ನು ಸಾವಿರ ಪರ್ದಾವುಗಳಿಗೆ ಐದರಂತೆ ತನ್ನ ನಾಯಕರಿಗೆ ಮಾರುತ್ತಿದ್ದನೆಂದು ತಿಳಿಸುತ್ತಾನೆ. ಒಂದಕ್ಕೆ ೨೦೦ ಪರ್ದಾವು ಎಂದಾಯಿತು. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್ನಿನ ಕುದುರೆಗಳನ್ನು ಸಾವಿರಕ್ಕೆ ಮೂರರಂತೆ ಕೊಳ್ಳುತ್ತಿದ್ದನೆಂದೂ ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅದಕ್ಕೆ ಪೂರ್ತಿ ಬೆಲೆ ಕೊಡುತ್ತಿದ್ದನೆಂದೂ ಅವನೇ ಹೇಳುತ್ತಾನೆ. ಮೊದಲನೆಯದು ರಾಜನು ಮಾರುತ್ತಿದ್ದ ಬೆಲೆ, ಎರಡನೆಯದು ಹಿಂದಿನ ರಾಜನು ಕೊಳ್ಳುತ್ತಿದ್ದ ಬೆಲೆ. ಆದಕಾರಣ ಎರಡನ್ನೂ ನೇರವಾಗಿ ಹೋಲಿಸಲಾ‌ಗದು. ಆದರೂ ನಾಯಕರ ದಂಡಿನಲ್ಲಿ ದುಡಿಯಬಲ್ಲ ಕುದುರೆಗಳು ಈ ನೆಲದಲ್ಲಿ ಬೆಳೆಯುತ್ತಿದ್ದುವೆಂಬುದು ಇದರಿಂದ ಸಿದ್ಧವಾಗುತ್ತದೆ.

ಸತ್ತ ಕುದುರೆಯ ಬಾಲಕ್ಕೂ ಹಣ ತೆರುತ್ತಿದ್ದ ರಾಜ್ಯವು ಬದುಕಿದ ಮರಿಗೆ ನಾಲ್ಕು ವರ್ಷ ಆಹಾರವನ್ನಿಕ್ಕಲು ಏಕೆ ಹಿಂಜರಿಯಿತು? ಯುದ್ಧವು ನಿರಂತರವಾಗಿದ್ದ ಕಾಲದಲ್ಲಿ ಅರಸನಿಗೆ ಬೇಕಾಗಿದ್ದುದು ಈ ವರ್ಷವೇ ಸವಾರಿಗೆ ಬರುವ ಕುದುರೆ. ಇಂದು ಹುಟ್ಟಿದ ಮರಿ ಐದನೆಯ ವರ್ಷದ ದಂಡಯಾತ್ರೆಗೆ ಒದಗುತ್ತದೆ. ತನ್ನ ಪಾಳೆಯ ಮುಂದಿನ ವರ್ಷ ತನ್ನಲ್ಲಿ ಉಳಿಯುವುದೆಂಬ ಭರವಸೆಯಿಲ್ಲದ ನಾಯಕನು ಮರಿಗೆ ಜವೆ ಅಳೆಯುವುದು ದುಸ್ಸಾಧ್ಯ. ಅರ್ಥಶಾಸ್ತ್ರದ ವಿಧಿಯು ಕೋಷ್ಠಾಗಾರ, ಅಧ್ಯಕ್ಷ, ಚಿಕಿತ್ಸಕ, ಯಾವಸಿಕ ಎಂಬ ಸ್ಥಿರವಾದ ಅಂಗಗಳುಳ್ಳ ರಾಜ್ಯವನ್ನು ಮುಂಭಾವಿಸುತ್ತದೆ. ಅಂತಹ ಸ್ಥಿರತೆ ಇಲ್ಲದಿದ್ದಲ್ಲಿ, ಬೇರೆಯವರು ತಮ್ಮ ನೆಲದ ಜವೆ ಮತ್ತು ಹುಲ್ಲಿನಿಂದ ಬೆಳೆಸಿದ ಕುದುರೆಯನ್ನು ಚಿನ್ನಕೊಟ್ಟು ತರಿಸುವುದೇ ಸುಲಭವಾಗಿ ತೋರಿತು. ಹೊರ್ಮುಜಿನ ವರ್ತಕನಿಗೆ ತೆತ್ತ ಬೆಲೆಯಲ್ಲಿ ಈ ನಾಲ್ಕು ವರ್ಷಗಳ ಆಹಾರದ ಬೆಲೆಯೂ ಸೇರಿತ್ತು.

೭

ಆಹಾರ ಮತ್ತು ವ್ಯವಸ್ಥೆ ಎರಡೂ ಕೂಡಿದ ಕಡೆಗಳಲ್ಲಿ ಫಲ ಏನಾಯಿತೆಂಬುದಕ್ಕೆ ಕೆಲವು ನಿದರ್ಶನಗಳಿವೆ. ಮೊದಲನೆಯದು ಉತ್ತರದ್ದು. ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿ ಮರಿಗಳ ಆಹಾರಕ್ಕೆ ಪ್ರತ್ಯೇಕ ನಿಯಮವಿದೆ: ಮೂರು ತಿಂಗಳು ತಾಯಿಯ ಹಾಲು, ಅನಂತರ ಒಂಬತ್ತು ತಿಂಗಳು ಎರಡು ಹಸುಗಳ ಹಾಲು, ಅನಂತರ ಧಾನ್ಯ, ಆರು ತಿಂಗಳಿಗೊಮ್ಮೆ ಒಂದೊಂದು ಸೇರು ಹೆಚ್ಚಿಸುತ್ತ ಮೂರು ವರ್ಷ ತುಂಬುವವರೆಗೆ. ಅರ್ಥಶಾಸ್ತ್ರಕ್ಕೂ ಇದಕ್ಕೂ ಸಾವಿರ ವರ್ಷಕ್ಕೂ ಮೀರಿದ ಅಂತರವಿದ್ದರೂ ಹಾಲಿನಿಂದ ಧಾನ್ಯಕ್ಕೆ, ಧಾನ್ಯದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಮೂರು ವರ್ಷದವರೆಗೆ ಎಂಬ ಕ್ರಮ ಒಂದೇ. ಅಕ್ಬರನ ಕಾಲದಲ್ಲಿ ಹಿಂದೂಸ್ಥಾನದಲ್ಲಿಯೇ ಬೆಳೆದ ಕುದುರೆಗಳು ಅರಬ್ಬೀ ಕುದುರೆಗೆ ಸಮಾನವಾದುವೆಂದೂ ಕಚ್ಛದ ಕುದುರೆಗಳು ಶ್ರೇಷ್ಠವೆಂದೂ ಅಬುಲ್ ಫಜಲನು ಹೇಳುತ್ತಾನೆ. ಆಸ್ಥಾನ ಲೇಖಕನ ಉತ್ಪ್ರೇಕ್ಷೆಯನ್ನು ಕಳೆದರೂ ಉಳಿಯುವ ಸತ್ಯ ಕಡಮೆಯಲ್ಲ.

ಎರಡನೆಯದು ನಮ್ಮ ನೆರೆಯದು. ಭೀಮಾ ನದಿಯ ಕಣಿವೆಯ ಒಣ ಹುಲ್ಲುಗಾವಲುಗಳಲ್ಲಿ ಬೆಳೆದ ಭೀಮಥಡಿ ಕುದುರೆಗಳು ಗಾತ್ರದಲ್ಲಿ ಸಣ್ಣವಾದರೂ ಬಲು ಗಟ್ಟಿಮುಟ್ಟಾದುವು. ಮರಾಠರ ಲಘು ಅಶ್ವಸೈನ್ಯದ ಚಲನಶಕ್ತಿಗೆ ಇಂತಹ ದೇಶೀಯ ಕುದುರೆಗಳೇ ಆಧಾರವಾದುವು. ದಖ್ಖನದಲ್ಲಿ ಕುದುರೆ ಹುಟ್ಟದೆಂಬ ಮಾತಿಗೆ ಇದಕ್ಕಿಂತ ನೇರವಾದ ಪ್ರತ್ಯುತ್ತರ ಬೇಕಿಲ್ಲ.

ಮೂರನೆಯದಾಗಿ ಈಸ್ಟ್ ಇಂಡಿಯಾ ಕಂಪೆನಿಯ ಅನುಭವ. ಅದರ ಅಶ್ವಸೈನ್ಯಕ್ಕೂ ಕುದುರೆಯ ಕೊರತೆ ಇದ್ದೇ ಇದ್ದಿತು. ಬಿಹಾರದ ಪೂಸಾದಲ್ಲಿದ್ದ ಕಂಪೆನಿಯ ಕುದುರೆಸಾಕಣೆಯ ಮೇಲ್ವಿಚಾರಣೆಗೆ ೧೮೦೮ರಲ್ಲಿ ಇಂಗ್ಲೆಂಡಿನಿಂದ ಬಂದ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟನು ಮೇವಿನ ಸುಧಾರಣೆಗೆ ಕೈಹಾಕಿ, ಕುದುರೆಗಳಿಗಾಗಿ ಓಟ್ಸ್ ಬೆಳೆಯನ್ನು ಅಲ್ಲಿ ಬೇಸಾಯಕ್ಕೆ ತಂದನು. ಒಳ್ಳೆಯ ಮರಿ ಬೇಕಾದರೆ ಮೊದಲು ಹೊಲವನ್ನು ಬಿತ್ತಬೇಕೆಂಬುದನ್ನು ಅವನು ಕಂಡುಕೊಂಡಿದ್ದನು. ಆದರೆ ಅವನೇ ೧೮೧೯ರಲ್ಲಿ ಒಳ್ಳೆಯ ಬೀಜದ ಕುದುರೆಗಳನ್ನು ಅರಸಿ ಬುಖಾರದ ದಾರಿಹಿಡಿದು ೧೮೨೫ರಲ್ಲಿ ಮಧ್ಯ ಏಷ್ಯದಲ್ಲಿ ತೀರಿಕೊಂಡುದನ್ನೂ ಜ್ಞಾಪಿಸಿಕೊಳ್ಳಬೇಕು. ಆಹಾರವೊಂದರಿಂದಲೇ ಎಲ್ಲವೂ ಆಗದು, ತಳಿಯೂ ಬೇಕು. ಮರಿಗೆ ತಕ್ಕ ಆಹಾರವಿಲ್ಲದಿದ್ದರೆ ಮಾತ್ರ ಉತ್ತಮವಾದ ತಳಿಯೂ ಕೈಗೂಡದು.

ಕೊನೆಯದಾಗಿ ನಮ್ಮ ಕುಣಿಗಲ್. ತುಮಕೂರು ಜಿಲ್ಲೆಯ ಈ ಕುದುರೆಸಾಕಣೆ ಕೇಂದ್ರವು ಟಿಪ್ಪೂ ಸುಲ್ತಾನನ ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಆರಂಭವಾಯಿತೆಂದು ಪ್ರಸಿದ್ಧವಾಗಿದೆ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಪಂದ್ಯದ ಥರೋಬ್ರೆಡ್ ಕುದುರೆಗಳು ಇಲ್ಲಿ ಹುಟ್ಟಿ ಬೆಳೆದುವು. ಕುದುರೆಯ ಜಾತಿಗಳಲ್ಲಿ ಬಹು ಸೂಕ್ಷ್ಮವಾದ ಈ ಜಾತಿಯ ಮರಿಯು ಮೈಸೂರು ಪ್ರಸ್ಥಭೂಮಿಯಲ್ಲಿ ನೆಟ್ಟನೆಯ ಕಾಲುಗಳಿಂದ ಬೆಳೆಯುವುದಾದರೆ, ಹವೆಯೊಂದನ್ನೇ ದೂಷಿಸುವುದು ನ್ಯಾಯವಲ್ಲ.

೮

ಮೇಲಿನ ವಿಚಾರದಿಂದ ಹೊರಡುವ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ಕುದುರೆಮರಿಯ ಪೋಷಣೆಗೆ ಬೇಕಾದ ಜ್ಞಾನ ಭಾರತದಲ್ಲಿ ಬಹು ಹಿಂದೆಯೇ ಇದ್ದಿತು. ಅದು ಕರಾರುವಾಕ್ಕಾದ ಲೆಕ್ಕದ ರೂಪದಲ್ಲಿದ್ದಿತು. ದಕ್ಷಿಣದ ಕರಾವಳಿಯ ಭತ್ತದ ನಾಡಿನಲ್ಲಿ ಆ ವಿಧಿಗೆ ಅಗತ್ಯವಾದ ಜವೆ ಮತ್ತು ಹುಲ್ಲುಗಾವಲು ಇರಲಿಲ್ಲ. ಒಳನಾಡಿನ ಒಣಭೂಮಿಯಲ್ಲಿ ಮೇವಿಗೆ ಅವಕಾಶವಿದ್ದರೂ ದುಡಿಯದ ಪ್ರಾಣಿಗೆ ನಾಲ್ಕು ವರ್ಷ ಅನ್ನವಿಕ್ಕುವ ಸ್ಥಿರವಾದ ವ್ಯವಸ್ಥೆ ಸಾಲದಾಯಿತು. ಹವೆಯನ್ನು ಮೂರನೆಯ ಕಾರಣವನ್ನಾಗಿ ಎಣಿಸಬಹುದು, ಮೊದಲನೆಯದನ್ನಾಗಿ ಅಲ್ಲ.

ಕನ್ನಡದಲ್ಲಿ ಈ ವಿಷಯದ ಸಾಮಗ್ರಿಗೆ ಕೊರತೆಯಿಲ್ಲ. ಹದಿನಾಲ್ಕು-ಹದಿನೈದನೆಯ ಶತಮಾನಗಳ ಸಂಧಿಕಾಲದ ಅಭಿನವಚಂದ್ರನ ಅಶ್ವವೈದ್ಯ, ಹದಿನೇಳನೆಯ ಶತಮಾನದ ಪದ್ಮಣ ಪಂಡಿತನ ಹಯಸಾರಸಮುಚ್ಚಯ ಮುಂತಾದ ಗ್ರಂಥಗಳು ನಮ್ಮಲ್ಲಿವೆ. ಇವುಗಳನ್ನು ಸಾಹಿತ್ಯ ಚರಿತ್ರೆಯಲ್ಲಿ ಹೆಸರಿಸಿ ಮುಂದೆ ಸಾಗುವುದು ಸಾಮಾನ್ಯ. ಮರಿಗೆ ಯಾವ ಧಾನ್ಯ, ಎಷ್ಟು ಹಾಲು, ಯಾವ ವಯಸ್ಸಿನವರೆಗೆ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಇವುಗಳನ್ನು ಅರ್ಥಶಾಸ್ತ್ರದೊಡನೆ ಹೋಲಿಸಿ ಓದಿದರೆ, ಜವೆಯ ಸ್ಥಾನಕ್ಕೆ ಹುರುಳಿ, ಜೋಳ ಮೊದಲಾದ ನಾಡಧಾನ್ಯಗಳು ಬಂದುವೇ ಎಂಬುದನ್ನು ನಿರ್ಣಯಿಸಬಹುದು. ಶಾಸನಗಳಲ್ಲಿ ಬರುವ ಸಾಹಣಿ, ಮಹಾಸಾಹಣಿ ಎಂಬ ಅಧಿಕಾರಿಗಳ ಉಲ್ಲೇಖಗಳನ್ನು ಆಯಾ ಪ್ರದೇಶದ ಬೆಳೆ ಮತ್ತು ಹುಲ್ಲುಗಾವಲುಗಳ ನಕ್ಷೆಯೊಡನೆ ಹೊಂದಿಸಿ ನೋಡುವುದೂ ಉಪಯುಕ್ತ. ಯುದ್ಧಗಳ ಚರಿತ್ರೆಯಲ್ಲಿ ಸವಾರರ ಸಂಖ್ಯೆಯನ್ನು ನಾವು ಎಣಿಸುತ್ತ ಬಂದಿದ್ದೇವೆ. ಆ ಸವಾರನ ಕೆಳಗಿದ್ದ ಕುದುರೆ ಮರಿಯಾಗಿದ್ದಾಗ ಯಾವ ಹೊಲದ ಧಾನ್ಯವನ್ನು ತಿಂದು ಬೆಳೆಯಿತೆಂಬುದೂ ಇನ್ನು ಮುಂದೆ ಇತಿಹಾಸದ ವಿದ್ಯಾರ್ಥಿಗಳ ಪ್ರಶ್ನೆಗಳಲ್ಲಿ ಒಂದಾಗಬೇಕು.